ಮೂರನೆಯ ಸಲ

ಊಟಕ್ಕೆ ಮಿತಿಯೇ ಇಲ್ಲದ ಕಡೆಗೆ ಹೋಗಿ ಎರಡು ದಿನ ಉಪವಾಸ ಬಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರಾದರೂ ಇದ್ದರೆ ಅವರು ನಮ್ಮ ಕಾಕಾ! ಏಕಾದಶಿಯಲ್ಲ, ಹರಕೆಯಲ್ಲ, ಹೊಟ್ಟೆನೋವಂತೂ ಮೊದಲೇ ಅಲ್ಲ. ಮತ್ತೇಕೆ ಅನ್ನುತ್ತೀರಾ? ನನಗೂ ಅದೇ ಕುತೂಹಲ ಹತ್ತಿ, ಗೋವಾದ ಸಮುದ್ರದ ಎದುರು ಕೂತು ಸಮುದ್ರ ನೋಡುವುದನ್ನು ಬಿಟ್ಟು ಕಾಕಾರನ್ನು ನೋಡುತ್ತಿದ್ದೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಧಾರವಾಡದಿಂದ ಇಪ್ಪತ್ತನೆಯ ವಯಸ್ಸಿನಲ್ಲಿ ಪುಣೆಗೆ ಬಂದು, ಖಡಕಿಯ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿ, ಅಲ್ಲಿಯೇ ನಿವೃತ್ತರಾದವರು. ನಾವಿರುವ ಕಟ್ಟಡದಲ್ಲೇ ಕೆಳಗಿನ ಮನೆ ಅವರದು. ಇಷ್ಟು ವರ್ಷ ಪುಣೆಯಲ್ಲಿದ್ದೂ ನೆರೆಯ ಮರಾಠಿ ಮನೆಗಳಲ್ಲಿ ಒಂದು ಕಪ್ ಚಹಾ ಕುಡಿದವರಲ್ಲ. ನೆರೆಯವರು ಕೊಡುತ್ತಿರಲಿಲ್ಲ ಎಂದಲ್ಲ. "ಚಹಾ ಘೇಣಾರ್ ಕಾ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಕಾಕಾ "ನಕೋ ನಕೋ" ಅನ್ನುತ್ತಿದ್ದರು. ಪಾಪ, ಆಡಿದ ಮಾತನ್ನು ಹಾಗೆಯೇ ನಂಬುವ ಜನ ಅವರು! "ಬರಂ", ಆಗಲಿ, ಎಂದು ಬೇರೆ ಮಾತು ತೆಗೆಯುತ್ತಿದ್ದರು. ಮೊದಲ ಎರಡು ಸಲದ 'ಬೇಡ' ಬರೀ ಮರ್ಯಾದೆಗೆ, ಉತ್ತರ ಸಿಗುವುದು ಮೂರನೆಯ ಸಲಕ್ಕೆ ಎಂದು ಅವರಿಗೆ ಹೇಳುವವರು ಯಾರು? ಕಾಕಾ ಒಣಗಿದ ಗಂಟಲಲ್ಲಿ ಮನೆಗೆ ಬರುತ್ತಿದ್ದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಅವರ ಹೆಂಡತಿ, ನಮ್ಮ ಕಾಕು, ನಗುತ್ತ ಒಲೆಯ ಮೇಲೆ ಚಹಾದ ನೀರಿಡುತ್ತಿದ್ದಳು.

ಆ ಕಾಕು ಹೋಗಿ ಒಂದೂವರೆ ವರ್ಷವಾಗಿತ್ತು. ಮಕ್ಕಳಿಲ್ಲ. ಆಫೀಸಿಗೆ ಹೋಗುವ ಅವಸರದಲ್ಲಿ ನಾನು ದಿನಾ ಬೆಳಿಗ್ಗೆ ಊಟದ ಡಬ್ಬಿಯನ್ನು ಅವರ ಬಾಗಿಲ ಚಿಲಕಕ್ಕೆ ತೂಗುಹಾಕಿ ಓಡುತ್ತಿದ್ದೆ. ಸಂಜೆ ಅದು ಅರ್ಧ ತುಂಬಿಕೊಂಡೇ ನನ್ನ ದಾರಿ ಕಾಯುತ್ತಿತ್ತು. ಹಬ್ಬಕ್ಕೆ ಕರೆದರೆ "ಈಗ ಉಂಡೆನವ್ವಾ" ಅನ್ನುತ್ತಿದ್ದರು. ಮೈಮೇಲಿನ ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಕಾಣತೊಡಗಿತು. ಡಾಕ್ಟರು ರೋಗವೇನೂ ಇಲ್ಲ ಅಂದರು. ಹವಾ ಬದಲಾದರೆ ಬಾಯಿಗೆ ರುಚಿ ಬಂದೀತು, ತೂಕ ಇನ್ನೂ ಇಳಿದರೆ ಮಾತ್ರ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದೂ ಅಂದರು. ಅದೇ ಹೊತ್ತಿಗೆ ಪಿಂಪ್ರಿಯಲ್ಲಿರುವ ನಮ್ಮ ಮನೆಯವರ ಕಂಪನಿ ಗೋವಾದ ರೆಸಾರ್ಟೊಂದರಲ್ಲಿ ಮೂರು ದಿನ ಇರಲು ಕುಟುಂಬಕ್ಕೆಲ್ಲ ಪಾಸು ಕೊಟ್ಟಿತು. ಊಟ, ತಿಂಡಿ, ಐಸ್‌ಕ್ರೀಮು, ಎಲ್ಲವೂ ಅದರಲ್ಲೇ! ಕಾಕಾರನ್ನು ತಿನ್ನಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಹೋದ ಕೂಡಲೇ ಬಾಗಿಲಲ್ಲೇ ಎಲ್ಲರ ಮಣಿಕಟ್ಟಿಗೆ ಹಸಿರು ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಕಾಕಾ ಕೈ ತಿರುಗಿಸಿ ತಿರುಗಿಸಿ ನೋಡಿದರು. "ದವಾಖಾನಿ ತಪ್ಪಸಾಕಂತ ಇಲ್ಲಿಗೆ ಕರಕೊಂಡ್ ಬಂದ್ರಿ, ಇವರು ಇಲ್ಲೇ ಪಟ್ಟಿ ಕಟ್ಟಿದ್ರಲ್ಲ" ಎಂದರು. ಆಮೇಲೆ ಶುರುವಾಯಿತು ನೋಡಿ ಅವರ ವಿಚಾರಣೆ. ಮರಳಿನ ಮೇಲೆ ಹಾಕಿದ ಕುರ್ಚಿಗಳನ್ನು ರಾತ್ರಿ ಎಲ್ಲಿಡುತ್ತಾರೆ? ಈಜುಕೊಳದ ನೀರು ಉಪ್ಪೋ ಸಿಹಿಯೋ? ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರವಿರುವಾಗ ಕೊಳ ತೋಡಿದವನ ತಲೆಯಲ್ಲಿ ಏನಿತ್ತು? ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಬೂಟು ಹಾಕಿಕೊಂಡೇ ಬೀಚಿನಲ್ಲಿ ಅಡ್ಡಾಡಿ ಎಲ್ಲರ ಕೆಲಸವನ್ನೂ ತಿಳಿದುಕೊಂಡು ಬಂದರು.

ಮಧ್ಯಾಹ್ನ ಊಟದ ಹಾಲಿನಲ್ಲಿ ಕೈತೊಳೆದು ಬಂದು ಮೇಜಿನ ಮುಂದೆ ನೆಟ್ಟಗೆ ಕೂತರು. ಹತ್ತು ನಿಮಿಷ ಕೂತರು. ತಾವೇ ಎದ್ದು ಹೋಗಿ ಬಡಿಸಿಕೊಳ್ಳಬೇಕೆಂದು ನಮ್ಮ ಮಗಳು ತಿಳಿಸಿ ಹೇಳಿದಳು. ಎದ್ದರು, ತಾಟು ಹಿಡಿದರು, ಸಾಲಿಗೆ ನಿಂತರು. ಒಂದೊಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಇದಕ್ಕೆ ತೆಂಗಿನಕಾಯಿ ಹುರಿದು ಹಾಕಿದ್ದೋ ಹಸಿಯದೋ ಎಂದು ಅಡಿಗೆಯವರನ್ನು ಕೇಳಿ, ಸಾಲಿನ ಕೊನೆ ಮುಟ್ಟಿ ವಾಪಸು ಬಂದರು. ತಾಟಿನಲ್ಲಿ ಎರಡು ಹೋಳು ಸೌತೆಕಾಯಿ! "ಎಲ್ಲಾ ನೋಡಿದೆ. ಭಾಳ ಛಲೋ ಮಾಡ್ಯಾರ" ಎಂದರು.

ಓಹೋ, ಇದು ಆ ಹಳೆಯ ಮರ್ಯಾದೆಯ ರೋಗ ಎಂದು ನನಗೆ ಹೊಳೆಯಿತು. ಬೇಡ ಅನ್ನಬೇಕಾದರೂ ಒಬ್ಬರು ಕೇಳಬೇಕಲ್ಲ! ಮದ್ದು ನನ್ನ ಹತ್ತಿರವೇ ಇತ್ತು. "ಕಾಕಾ, ಅನ್ನಾ ಹುಳಿ ತರ್ಲೇನು?" ಎಂದೆ. ಬ್ಯಾಡ ಅಂದರು. ಇನ್ನೊಮ್ಮೆ ಕೇಳಿದೆ. ಬ್ಯಾಡ ಅಂದರು. ಗೆದ್ದೆ ಎಂದುಕೊಂಡು ಮೂರನೆಯ ಸಲ ಕೇಳಿದೆ. ಆಗಲೂ ಬ್ಯಾಡ! ರಾತ್ರಿ ಊಟದಲ್ಲಿ ಬೆರಳು ಮಡಚಿಕೊಂಡು ಐದು ಸಲ ಕೇಳಿದೆ. ಐದು ಸಲವೂ ಅದೇ ಉತ್ತರ.

ಹಾಗಾದರೆ ಕಾಕು ಮಾಡುತ್ತಿದ್ದ ಉಪಾಯವಾದರೂ ಏನು? ಹಲ್ಲುನೋವೇ ಎಂದು ವಿಚಾರಿಸಿದೆ, ಅಲ್ಲ. ಈರುಳ್ಳಿ ಬೆಳ್ಳುಳ್ಳಿಯ ಮಡಿಯೇ? ಖಡಕಿಯ ಕ್ಯಾಂಟೀನಿನಲ್ಲಿ ಮೂವತ್ತೈದು ವರ್ಷ ಉಂಡವರಿಗೆ ಎಲ್ಲಿಯ ಮಡಿ! ಕೋಣೆಯಲ್ಲಿ ಗುಟ್ಟಾಗಿ ತಿನ್ನುತ್ತಿರಬೇಕೆಂದು ನಮ್ಮ ಮನೆಯವರು ವಾದಿಸಿದರು. ಹೋಗಿ ನೋಡಿದರೆ ಚೀಲದಲ್ಲಿ ನಾನಿಟ್ಟಿದ್ದ ಚಕ್ಕುಲಿಯ ಪೊಟ್ಟಣದ ಗಂಟು ಕೂಡ ಬಿಚ್ಚಿರಲಿಲ್ಲ. ವಿಚಿತ್ರವೆಂದರೆ ಚಹಾ ಮಾತ್ರ ಹೊತ್ತು ಹೊತ್ತಿಗೆ ಕುಡಿಯುತ್ತಿದ್ದರು. ಅದನ್ನು ಮಾಣಿ ಯಾರನ್ನೂ ಕೇಳದೆ ಕಪ್ಪಿಗೆ ಸುರಿದು ಹೋಗುತ್ತಿದ್ದ.

ಎರಡನೆಯ ದಿನ ಕಾಕಾ ಮ್ಯಾನೇಜರರನ್ನು ತಡೆದು, ಇಷ್ಟು ಜನ ಉಣ್ಣುತ್ತಾರೆ, ಒತ್ತಾಯ ಮಾಡುವ ಕೆಲಸಕ್ಕೆ ಇಲ್ಲಿ ಯಾರನ್ನು ಇಟ್ಟಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಮ್ಯಾನೇಜರು ಗಾಬರಿಯಾಗಿ, ನಮ್ಮಲ್ಲಿ ಯಾರೂ ಯಾರಿಗೂ ಒತ್ತಾಯ ಮಾಡುವುದಿಲ್ಲ, ಹಾಗೆ ಮಾಡಿದವರ ಹೆಸರು ಹೇಳಿ, ಈಗಲೇ ವಿಚಾರಿಸುತ್ತೇನೆ ಎಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕಾ ನಗಲಿಲ್ಲ. ಆ ರಾತ್ರಿ ಅವರ ಮಣಿಕಟ್ಟಿನ ಪಟ್ಟಿ ಜಾರಿ ಮೊಣಕೈವರೆಗೆ ಹೋದದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಿಂಡಿಗೆ ಹೋದೆ. ಕಾಕಾ ಆಗಲೇ ಬಂದು ಪೂರಿಯ ಪಾತ್ರೆಯ ಮುಂದೆ ಒಬ್ಬರೇ ನಿಂತಿದ್ದರು. ಎಡಗೈಯಲ್ಲಿ ತಾಟು, ಬಲಗೈಯ ಚಿಮಟದಲ್ಲಿ ಒಂದು ಪೂರಿ. ಬೆನ್ನು ನನ್ನ ಕಡೆಗಿತ್ತು. ಮೆಲ್ಲಗೆ ಯಾರ ಜೊತೆಗೋ ಮಾತಾಡುತ್ತಿದ್ದರು.

"ಒಂದ್ ಪೂರಿ ಹಾಕ್ತೀನ್ರಿ."

"ಬ್ಯಾಡ, ಸಾಕು."

"ಬಿಸಿ ಅದ ರೀ."

"ಬ್ಯಾಡಂದೆ."

ಕೇಳಿದ್ದೂ ಅವರೇ, ಬೇಡವೆಂದದ್ದೂ ಅವರೇ. ಆಮೇಲೆ ಪೂರಿಯನ್ನು ಪಾತ್ರೆಗೆ ಬಿಟ್ಟು, ಚಿಮಟ ಕೆಳಗಿಟ್ಟು ತಿರುಗಿದರು. ಎದುರಿಗೆ ನಾನು. ಅವರು ನಾಚಿಕೊಳ್ಳಲಿಲ್ಲ. ಗೊತ್ತಿದ್ದ ಕೆಲಸ ಕೈಗೆ ಹತ್ತದವರ ಹಾಗೆ ತಾಟು ನೋಡುತ್ತ ನಿಂತರು.

"ನಿಮ್ಮ ಕಾಕು ಎರಡು ಸಲ ಕೇಳತಿದ್ಲು. ಮೂರನೇ ಸಲ ಕೇಳತಿದ್ದಿಲ್ಲವ್ವಾ, ಹಾಕೇ ಬಿಡತಿದ್ಲು. ಕೇಳೂದು ನನಗೂ ಬರತದ. ಆ ಮೂರನೇದೊಂದು ಬರೂದಿಲ್ಲ ನೋಡು."

ಒಂದೂವರೆ ವರ್ಷ ನಾನು ಚಿಲಕಕ್ಕೆ ತೂಗುಹಾಕಿ ಓಡಿದ ಡಬ್ಬಿ ಕಣ್ಣ ಮುಂದೆ ಬಂತು. ಡಬ್ಬಿ ಯಾರಿಗೆ ಏನು ಒತ್ತಾಯ ಮಾಡೀತು? ನನಗೆ ಬಹಳ ನಾಚಿಕೆಯಾಯಿತು. ಚಿಮಟ ಎತ್ತಿಕೊಂಡು, ಕೇಳದೆಯೇ ಅವರ ತಾಟಿಗೆ ಎರಡು ಪೂರಿ ಹಾಕಿದೆ. "ಏ, ಬ್ಯಾಡಾಗಿತ್ತು ನನಗ, ಯಾಕ ಹಾಕಿದಿ" ಎಂದು ಗದರಿದರು. ಗದರುತ್ತಲೇ ಕುರ್ಚಿ ಎಳೆದುಕೊಂಡು ಕೂತರು. ಅಂದು ಐದು ಪೂರಿ ತಿಂದರು, ಐದಕ್ಕೂ ನನ್ನನ್ನು ಬೈದರು.

ಪುಣೆಗೆ ಮರಳಿದ ಮರುದಿನ ಭಾನುವಾರ. ಡಬ್ಬಿಯನ್ನು ತೊಳೆದು ಒರೆಸಿ ಅಟ್ಟದ ಮೇಲಿಟ್ಟೆ. ಮಧ್ಯಾಹ್ನ ಕೆಳಗಿಳಿದು ಹೋಗಿ ಕಾಕಾರ ಬಾಗಿಲು ಬಡಿದೆ. ಬಾಗಿಲು ತೆಗೆದರು. ಊಟವಾಯಿತೇ ಎಂದು ಕೇಳಲಿಲ್ಲ, ಬರುತ್ತೀರಾ ಎಂದೂ ಕೇಳಲಿಲ್ಲ.

"ತಾಟು ಹಾಕೇನಿ, ನಡೀರಿ" ಎಂದೆ.