ನನ್ನ ನಲವತ್ತರ ಗಂಡಾಂತರ

ಕೊಲ್ಹಾಪುರದ ಸುತ್ತಮುತ್ತ ಹುಟ್ಟಿದ ಗಂಡಸಿಗೆ ಎರಡು ನಂಬಿಕೆಗಳು ತಾಯಿಯ ಹಾಲಿನ ಜೊತೆಗೇ ಬಂದಿರುತ್ತವೆ. ತಾಲೀಮಿನ, ಎಂದರೆ ಗರಡಿಮನೆಯ, ಕೆಮ್ಮಣ್ಣು ಮೈಗೆ ಹತ್ತಿದವನಿಗೆ ರೋಗ ಹತ್ತುವುದಿಲ್ಲ ಎಂಬುದು ಒಂದು. ಹತ್ತಿದರೂ ಒಂದು ಚೊಂಬು ಎಮ್ಮೆಯ ಹಾಲಿಗೆ ಅದು ಹೆದರಿ ಓಡುತ್ತದೆ ಎಂಬುದು ಇನ್ನೊಂದು. ನಾನೂ ಗಡಹಿಂಗ್ಲಜದ ತಾಲೀಮಿನಲ್ಲಿ ದಂಡ, ಬಸ್ಕಿ ಹೊಡೆದೇ ಬೆಳೆದವನು. ಇಚಲಕರಂಜಿಗೆ ಬಂದು, ಅಲ್ಲಿಯ ಶಹಾಪುರ ಭಾಗದ ಒಂದು ಶೆಡ್ಡಿನಲ್ಲಿ ಎರಡು ಮಗ್ಗ ನಡೆಸಲು ನಿಂತ ಮೇಲೂ ಮೈ ಗಟ್ಟಿಯಾಗಿಯೇ ಇತ್ತು. ರಜೆಯ ದಿನ ಸುಮ್ಮನೆ ಕೂಡಲಾರದೆ ಹಾತಕಣಂಗಲೆಯ ಸ್ಟೇಶನ್ನಿನ ತನಕ ಸೈಕಲ್ ತುಳಿದು, ರೈಲು ನೋಡಿ, ಚಹಾ ಕುಡಿದು ಬರುತ್ತಿದ್ದೆ. ಇಂಥ ಮೈಯನ್ನು ಒಂದು ಅಂಕಿ ಕೆಡವಿತು ಎಂದರೆ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿರಿ. ಆಗ ಶಹಾಪುರದಲ್ಲಿ ನಗದೇ ಉಳಿದವರು ಕಡಿಮೆ.

ಆ ಅಂಕಿ ನಲವತ್ತು. ನಾನು ಚಿಕ್ಕವನಿದ್ದಾಗಲೇ ನಮ್ಮಪ್ಪ ಗಡಹಿಂಗ್ಲಜದ ಪೇಟೆಯಲ್ಲಿ ಬೆಲ್ಲದ ಪೆಂಟೆ ಇಳಿಸುತ್ತ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ. ‘ನಲವತ್ತಕ್ಕ ಹೋದ, ಪಾಪ’ ಎಂದು ಬಂಧುಬಳಗದವರು ಹೇಳುವುದನ್ನು ಕೇಳುತ್ತಲೇ ದೊಡ್ಡವನಾದೆ. ಶಾಲೆಯ ದಾಖಲೆಯ ಪ್ರಕಾರ ನನಗೂ ನಲವತ್ತು ತುಂಬಿತು. ತುಂಬಿದ ವಾರದಲ್ಲೇ ಮಗ್ಗದ ಮುಂದೆ ನಿಂತಿದ್ದಾಗ ಎದೆಯ ಎಡಗಡೆ ಏನೋ ಚುಚ್ಚಿತು. ಅಲ್ಲಿಗೆ ಮುಗಿಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ಅಂಗೈ ಬೆವರುವುದು. ಸೈಕಲ್ ಗೋಡೆಗೆ ಒರಗಿತು, ನಾನು ಹೊರಸಿಗೆ ಒರಗಿದೆ. ಕರೆಂಟು ಹೋಗಿ ಮಗ್ಗಗಳು ನಿಂತರೆ ಉಳಿದವರೆಲ್ಲ ಬೀಡಿ ಹಚ್ಚಲು ಹೊರಗೆ ಹೋಗುತ್ತಿದ್ದರು. ನಾನು ಮೂಲೆಯಲ್ಲಿ ಕುಳಿತು ಮಣಿಕಟ್ಟು ಹಿಡಿದು ನಾಡಿ ನೋಡಿಕೊಳ್ಳುತ್ತಿದ್ದೆ.

ಹೆಂಡತಿ ಶಾಂತವ್ವ ನನ್ನನ್ನು ಕೊಲ್ಹಾಪುರದ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಅವರು ಹಿಂದೆ ಮುಂದೆ ಕೊಳವೆ ಇಟ್ಟು ಕೇಳಿ, ಹತ್ತು ಬಸ್ಕಿ ಹೊಡೆಸಿ, ಮತ್ತೆ ಕೇಳಿ, “ಕಾಹೀ ನಾಹೀ ಝಾಲಂ ತುಮ್ಹಾಲಾ” ಎಂದರು. ಏನೂ ಆಗಿಲ್ಲವಂತೆ! ಮನಸ್ಸಿಗೆ ಏನಾದರೂ ಚಿಂತೆ ಇದೆಯೇ ಎಂದೂ ಕೇಳಿದರು. ತಾಲೀಮಿನ ಗಂಡು ನಾನು. ಚಿಂತೆ ಗಿಂತೆ ಇಲ್ಲ ಎಂದು ಎದೆ ಉಬ್ಬಿಸಿ ಹೇಳಿದೆ. ಬಸ್ಸಿನಲ್ಲಿ ಬರುವಾಗ ನನಗೆ ತಡೆಯಲಾರದ ಸಿಟ್ಟು. ಇಷ್ಟು ದೂರದಿಂದ ಹೋದವನಿಗೆ ಒಂದು ಸಣ್ಣ ರೋಗವನ್ನಾದರೂ ಕೊಟ್ಟು ಕಳಿಸಬಾರದೇ?

ಡಾಕ್ಟರರು ಕೊಡದ ರೋಗವನ್ನು ಜಾಬರ್ ಅಣ್ಣಪ್ಪ ಕೊಟ್ಟ. ಶೆಡ್ಡಿನ ಮಗ್ಗಗಳ ಉಸ್ತುವಾರಿ ಅವನದು. “ಈರಪ್ಪಣ್ಣಾ, ಮಗ್ಗ ಬ್ಯಾಡ. ಆರಾಮ ಕೂತು ಕಂಡಿಕಿ ಸುತ್ತು” ಎಂದು ನನ್ನ ಎರಡೂ ಮಗ್ಗಗಳನ್ನು ಬೇರೆಯವರಿಗೆ ವಹಿಸಿಬಿಟ್ಟ. ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಮೂಲೆಯಲ್ಲಿ ಹಲ್ಲು ಬಿದ್ದ ಇಬ್ಬರು ಮುದುಕರಿದ್ದರು. ನೂಲು ಸುತ್ತುತ್ತ ತಮ್ಮ ತಮ್ಮ ಬೇನೆಗಳ ವರದಿ ಒಪ್ಪಿಸುವುದು ಅವರ ದಿನಚರಿ. ಎಂಟೇ ದಿನದಲ್ಲಿ ಅವರಿಬ್ಬರನ್ನೂ ನಾನು ಹಿಂದೆ ಹಾಕಿದೆ.

ಆಗ ಗಡಹಿಂಗ್ಲಜದಿಂದ ಅವ್ವ ಬಂದಳು. ಎಸ್.ಟಿ. ಬಸ್ಸಿನಿಂದಿಳಿದು, ಶೇಂಗಾದ ಚೀಲ ಬಗಲಲ್ಲಿಟ್ಟುಕೊಂಡು ಒಳಗೆ ಬಂದವಳಿಗೆ ಹಾಡುಹಗಲೇ ಹೊರಸಿನ ಮೇಲೆ ಮಲಗಿದ ಮಗ ಕಂಡ. ಏನಾಗಿದೆ ಎಂದು ಕೇಳಿದಳು. ಡಾಕ್ಟರರಿಗೆ ಹೇಳದ್ದನ್ನು, ಶಾಂತವ್ವನಿಗೂ ಹೇಳದ್ದನ್ನು ಅವಳ ಮುಂದೆ ಬಡಬಡ ಹೇಳಿಬಿಟ್ಟೆ.

“ಅಪ್ಪ ನಲವತ್ತಕ್ಕ ಹೋದ. ನನಗೂ ನಲವತ್ತು ಆತಬೇ. ನಾನೂ ಉಳಿಯೂದಿಲ್ಲ.”

“ನಲವತ್ತು ಅಂತ ಯಾರ ಹೇಳ್ಯಾರೋ?” ಅವ್ವ ಚೀಲ ಕೆಳಗಿಟ್ಟಳು. “ನಿಮ್ಮಪ್ಪಗ ತನ್ನ ವಯಸ್ಸ ಗೊತ್ತಿರಲಿಲ್ಲ. ದವಾಖಾನಿಯಾಗ ಕೇಳಿದಾಗ ನಿಮ್ಮ ಕಾಕಾ ಬಾಯಿಗೆ ಬಂದದ್ದ ಬರಸ್ಯಾನ. ನಿಂದೂ ಹಂಗ. ಸಾಲಿಗೆ ಹಾಕುವಾಗ ಎರಡ ವರ್ಷ ಕಡಿಮಿ ಹೇಳೀವಿ. ಹೊಳಿ ಬಂದು ನಮ್ಮ ಗ್ವಾಡಿ ಬಿದ್ದ ವರ್ಷ ಹುಟ್ಟಿದಾಂವ ನೀ. ನಿನಗ ನಲವತ್ತೆರಡು ಆಗ್ಯಾವು.”

ಒಲೆಯ ಮುಂದಿದ್ದ ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಅಂದ್ರ ಅತ್ತಿ, ಸಾಯೂ ವರ್ಷದಾಗ ಇವರು ಸೈಕಲ್ ಹೊಡದು ರೈಲ ನೋಡಾಕ ಹೋಗಿದ್ರೇನ್ರಿ?”

ಇಬ್ಬರೂ ನಕ್ಕರು. ನಗು ಮುಗಿಸಿ ಅವ್ವ ನನ್ನ ಕಾಲ ಹತ್ತಿರ ಬಂದು ಕುಳಿತಳು. “ನಿಮ್ಮಪ್ಪಗ ಭಾಳ ದಿವಸದಿಂದ ಎದಿ ನೋಯ್ತಿತ್ತಂತ. ಪೇಟ್ಯಾಗ ಸಂಗಾಟ ಇದ್ದವರು ಆಮ್ಯಾಲ ಹೇಳಿದ್ರು. ನನ್ನ ಮುಂದ ಒಂದ ಮಾತ ಆಡಲಿಲ್ಲ. ನೀ ಹೇಳೀದಿ ನೋಡು, ಅಷ್ಟ ಸಾಕು.”

ಭಯವೆಂಬುದು ಲೆಕ್ಕ ತಪ್ಪಾಗಿತ್ತು ಎಂದು ತಿಳಿದ ಕೂಡಲೇ ಕ್ಷಮೆ ಕೇಳಿ ಹೊರಟುಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಚುಚ್ಚಿತು. ಆದರೆ ಈ ಸಲ ನನಗೆ ಭಯಕ್ಕಿಂತ ಸಿಟ್ಟು ಹೆಚ್ಚು ಬಂತು. ಯಾವನೋ ಬಾಯಿಗೆ ಬಂದಂತೆ ಬರೆಸಿದ ಅಂಕಿಗೆ ನಾನೇಕೆ ಸಾಯಬೇಕು? ನೇರವಾಗಿ ಶೆಡ್ಡಿಗೆ ಹೋಗಿ ಅಣ್ಣಪ್ಪನ ಎದುರು ನಿಂತೆ.

“ನನ್ನ ಮಗ್ಗ ನನಗ ಕೊಡು.”

“ನೀ ಬಿದ್ದರ ಯಾರ ಜವಾಬ್ದಾರಿ?”

“ಬಿದ್ದರ ಮಗ್ಗದ ಮ್ಯಾಲ ಬೀಳೂದಿಲ್ಲ, ಬಾಜೂಕ ಬೀಳ್ತೀನಿ. ಕೊಲ್ಹಾಪುರದ ಡಾಕ್ಟರ ಏನೂ ಆಗಿಲ್ಲ ಅಂತ ಹೇಳ್ಯಾರ.”

ನಿನ್ನೆಯ ತನಕ ನಾನು ಶಪಿಸುತ್ತಿದ್ದ ಡಾಕ್ಟರರು ಆ ಗಳಿಗೆಯಿಂದ ನನಗೆ ಧನ್ವಂತರಿಯಾದರು. ಅಣ್ಣಪ್ಪ ತಲೆ ಕೆರೆದುಕೊಂಡು, ಮೊದಲು ಒಂದೇ ಮಗ್ಗ ಎಂದು ಷರತ್ತು ಹಾಕಿ ಒಪ್ಪಿದ. ಒಂದು ತಾಸಿಗೆ ಬಂತು ನೋಡಿ ಬೆವರು, ನಡುಕ, ಎದೆಯ ಡವಡವ. ಓಡಿಹೋಗಬೇಕು ಎನಿಸಿತು. ಅಷ್ಟರಲ್ಲಿ ನೂಲು ಹರಿಯಿತು. “ಬಂದೀಯಾ? ನಿಂದರು ಹಂಗಾರ. ನನಗ ನೂಲ ಕಟ್ಟೂದೈತಿ” ಎಂದು ನನ್ನ ಭಯಕ್ಕೆ ಬಾಯಿಬಿಟ್ಟೇ ಹೇಳಿದೆ. ಮಗ್ಗಗಳ ಗದ್ದಲದಲ್ಲಿ ಹುಚ್ಚನಂತೆ ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ. ನಡುಗುವ ಬೆರಳಿಂದಲೇ ಗಂಟು ಹಾಕಿದೆ. ಭಯ ಎಷ್ಟು ಹೊತ್ತಿಗೆ ಎದ್ದುಹೋಯಿತೋ ನಾನು ನೋಡಲಿಲ್ಲ. ಸಂಜೆ ಮನೆಗೆ ಬಂದು, “ಇವತ್ತ ಎರಡ ಸಲ ಅಂಜಿಕಿ ಬಂದಿತ್ತು” ಎಂದು ಶಾಂತವ್ವನಿಗೆ ಹೇಳಿದೆ. ಇನ್ನೂರು ಬಸ್ಕಿಗಿಂತ ಆ ಒಂದು ಮಾತು ಕಷ್ಟವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಎರಡನೆಯ ಮಗ್ಗವೂ ನನ್ನ ಕೈಗೆ ಮರಳಿತು, ಮೆಟ್ಟಿಲುಗಳು ಮೊದಲಿನಂತೆ ಗಿಡ್ಡವಾದವು.

ಗೆದ್ದವನು ಸುಮ್ಮನಿರಬೇಕಿತ್ತು. ನಾನು ಉಪದೇಶಕ್ಕೆ ನಿಂತೆ. ಮಳೆಗಾಲದಲ್ಲಿ ಒಂದು ದಿನ ಅಣ್ಣಪ್ಪ ಗಡಗಡ ನಡುಗುತ್ತ ಶೆಡ್ಡಿಗೆ ಬಂದ. ಮನೆಗೆ ಹೊರಟವನ ತೋಳು ಹಿಡಿದು ನಿಲ್ಲಿಸಿ, ಎಲ್ಲ ಮನಸ್ಸಿನ ಆಟ, ಅಂಜಿದರೆ ಅದು ಮೈಮೇಲೆ ಏರುತ್ತದೆ ಎಂದು ಅರ್ಧ ತಾಸು ಹೇಳಿದೆ. ಪಾಪ, ನಂಬಿದ, ಮಧ್ಯಾಹ್ನದ ತನಕ ನಡುಗುತ್ತಲೇ ನಿಂತ. ಅದು ಅಪ್ಪಟ ಚಳಿಜ್ವರ. ಹತ್ತು ದಿನ ಮಲಗಿದ. ನೋಡಲು ಹೋದರೆ ಅವನ ಹೆಂಡತಿ ನನಗೆ ನೀರು ಬೇಕೇ ಎಂದು ಕೂಡ ಕೇಳಲಿಲ್ಲ. ಅಣ್ಣಪ್ಪನೇ ಕಂಬಳಿಯಿಂದ ಮುಖ ಹೊರಗೆ ಹಾಕಿದ.

“ಈರಪ್ಪಣ್ಣಾ, ನಿನ್ನ ಮನಸ್ಸ ನೀ ನೋಡಿಕೋ. ನನ್ನ ಮೈ ಥರ್ಮಾಮೀಟರ ನೋಡಿಕೊಳ್ತೈತಿ.”