ಕೂತು ತಿನ್ನುವವರ ದೇಶ

ಇಷ್ಟಕ್ಕೆಲ್ಲ ಕಾರಣ ಭೂಪಾಲ ಬರೆದ ಒಂದು ಪತ್ರ. ಭೂಪಾಲನೆಂದರೆ ನಿಪ್ಪಾಣಿಯ ಧನಪಾಲ ಮಗದುಮ್ಮನ ಹೆಂಡತಿಯ ತಮ್ಮ. ಮುಂಬಯಿಯಲ್ಲಿ ಸಿಂಧಿ ಸೇಠನೊಬ್ಬನ ಬಟ್ಟೆ ಅಂಗಡಿಯಲ್ಲಿ ಇದ್ದವನು, ಸೇಠನ ಬೆನ್ನು ಹತ್ತಿ ಸ್ಪೇನ್ ದೇಶಕ್ಕೆ ಹೋಗಿ, ಅಲ್ಲಿಯ ಸಮುದ್ರದ ದಂಡೆಯಲ್ಲಿ ಅಂಗಡಿ ನೋಡಿಕೊಂಡಿದ್ದ. ತೊಂಬತ್ಮೂರರ ಮಳೆಗಾಲದಲ್ಲಿ ಅವನು ಬರೆದ: 'ಮಾಂವಾರ, ಇಲ್ಲಿ ಬಂದು ಕಾಯಂ ಇರಬೇಕಂದ್ರ ಒಂದಽ ಷರತ್ತು ಐತಿ. ಇಲ್ಲಿ ಯಾವ ಕೆಲಸಾನೂ ಮಾಡಬಾರ್ದು. ಊರಾಗಿನ ಬಾಡಿಗಿ ಮ್ಯಾಲೆ ಕೂತು ತಿಂತೀನಿ ಅಂತ ಸಿದ್ಧಾ ಮಾಡಿ ತೋರಿಸಬೇಕು.'

ಓದಿ ಧನಪಾಲನ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಅವನು ತಪ್ಪದೆ ಮಾಡಿಕೊಂಡು ಬಂದದ್ದೆಂದರೆ ಅದೊಂದೇ. ಅಪ್ಪ ಕಟ್ಟಿಸಿಟ್ಟ ಚಾಳು, ಅದರ ಸಾಲು ಕೋಣೆಗಳು, ತಿಂಗಳಿಗೊಮ್ಮೆ ತಾನಾಗಿಯೇ ನಡೆದುಬರುವ ಬಾಡಿಗೆ. ಉಳಿದ ಹೊತ್ತೆಲ್ಲ ಕಟ್ಟೆ, ಲೋಡು, ಚಹಾ. 'ಕಡ್ಡಿ ಎತ್ತಿ ಅತ್ಲಾಗ ಇಟ್ಟ ಮನಿಷ್ಯಾ ಅಲ್ಲ' ಎಂದು ಹೆಂಡತಿ ಸುಗಂಧಾ ದಿನವೂ ಮಂಗಳಾರತಿ ಎತ್ತುತ್ತಿದ್ದಳು. ಈಗ ನೋಡಿದರೆ ಇಡೀ ಒಂದು ದೇಶ ಅಂಥವನನ್ನೇ ಹುಡುಕುತ್ತ ಕೂತಿದೆ!

"ನೋಡ, ನಿನ್ನ ಕಣ್ಣಿಗೆ ಕಾಣದ್ದು ಸ್ಪೇನದವರಿಗೆ ಕಂಡೈತಿ," ಎಂದ ಧನಪಾಲ.

ಬೆನ್ನಿಗೆ ಬಿದ್ದ ಒಬ್ಬನೇ ತಮ್ಮನ ಮುಖ ನೋಡಿ ಸುಗಂಧಾಳಿಗೆ ವರ್ಷಗಳೇ ಆಗಿದ್ದವು. ಅಂದು ಮಾತ್ರ ಮಂಗಳಾರತಿ ಬಿಟ್ಟು ಒಳಗೆ ಹೋಗಿ, ತಮ್ಮನಿಗೆ ಒಯ್ಯಲು ಶೇಂಗಾ ಹುರಿಯತೊಡಗಿದಳು.

ಅರ್ಜಿ ಹೋಯಿತು. ಮುಂಬಯಿಯ ಸ್ಪೇನ್ ವೀಸಾ ಕಚೇರಿಯಿಂದ ಉತ್ತರವೂ ಬಂತು. ಗುರುವಾರ ನಮ್ಮ ಮನುಷ್ಯ ಬರುತ್ತಾನೆ, ಬಾಡಿಗೆ ಬರುವುದು ನಿಜವೋ ಸುಳ್ಳೋ ಎಂದು ನಿಮ್ಮ ಬಾಡಿಗೆದಾರರನ್ನೇ ಕೇಳುತ್ತಾನೆ ಎಂದಿತ್ತು. ಧನಪಾಲ ಆ ಸಾಲನ್ನೇ ಎರಡು ಸಲ ಓದಿದ.

ಯಾಕೆಂದರೆ ಆ ಚಾಳಿಗೆ ಅದರದೇ ಒಂದು ಪದ್ಧತಿಯಿತ್ತು. ಕೈಯಲ್ಲಿ ಚೀಲ ಹಿಡಿದ ಯಾರೇ ಬಂದು ಬಾಡಿಗೆಯ ಮಾತೆತ್ತಿದರೆ, 'ಬಾಡಿಗಿ ಎಲ್ಲೀದ್ರಿ, ನಾವು ಅಣ್ಣಾರ ಮನಿಮಂದಿ' ಎನ್ನಬೇಕು. ವರಮಾನ ಸರಕಾರದ ಕಣ್ಣಿಗೆ ಬೀಳದಿರಲೆಂದು ಧನಪಾಲನ ಅಪ್ಪ ಹಾಕಿಕೊಟ್ಟ ಪಾಠವದು. ಅದಕ್ಕೆ ಬದಲಾಗಿ ಬಾಡಿಗೆ ಏರುತ್ತಿರಲಿಲ್ಲ, ರಸೀತಿಯ ಮಾತೇ ಇರಲಿಲ್ಲ. ಆಡಿ ಆಡಿ ಬಾಡಿಗೆದಾರರಿಗೆ ಅದು ಬಾಯಿಪಾಠವಾಗಿತ್ತು. ಸಿಂಪಿ ಗಂಗಾರಾಮ ಸೋದರಮಾವನ ಮಗನಾಗಿದ್ದ, ಸೈಕಲ್ ಅಂಗಡಿಯ ಬಾಳಾಸಾಬ ಬಾಲ್ಯದಲ್ಲೇ ಸಾಕಿಕೊಂಡ ತಮ್ಮನಾಗಿದ್ದ, ಖಾನಾವಳಿಯ ಕಸ್ತೂರೆವ್ವ ಧರ್ಮದ ತಂಗಿ. ಜಾತಿ ಬೇರೆ, ಭಾಷೆ ಬೇರೆ ಎಂದು ಯಾವ ಅಧಿಕಾರಿಯೂ ಕೇಳುವಂತಿರಲಿಲ್ಲ, ಅಷ್ಟು ಪ್ರೀತಿಯಿಂದ ಹೇಳುತ್ತಿದ್ದರು.

ಗುರುವಾರ ಬೆಳಗ್ಗೆ ಧನಪಾಲ ಮೂವರನ್ನೂ ಅಂಗಳಕ್ಕೆ ಕರೆದ.

"ಇವತ್ತ ಖರೇ ಹೇಳ್ರಿ."

ಗಂಗಾರಾಮನ ಕೈಯ ಕತ್ತರಿ ಕೆಳಗೆ ಬಿತ್ತು. "ಖರೇ? ಯಾರಿಗ್ರಿ?"

"ಬಾಡಿಗಿ ಕೇಳಾಕ ಬಂದ ಸಾಹೇಬಗ."

ಕಸ್ತೂರೆವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಯಣ್ಣಾ, ಜ್ವರಾ ಗಿರಾ ಬಂದಾವೇನು? ನಿಮ್ಮ ಅಪ್ಪಾರು ಕೇಳಿದ್ರ ಎದಿ ಒಡಕೊಂತಿದ್ರು."

"ಎಲ್ಲಾರಿಗೂ ಅಲ್ಲಬೇ, ಸ್ಪೇನದ ಸಾಹೇಬಗ ಅಷ್ಟಽ. ಬಾಡಿಗಿ ಕೊಡ್ತೀವಿ ಅಂತ ಅವನ ಮುಂದ ಹೇಳಿದ್ರ ನಾವು ಗಂಡಾ ಹೆಂಡ್ತಿ ಇಮಾನ ಹತ್ತತೀವಿ."

"ಅಂವನ್ನ ಗುರ್ತಾ ಹಿಡಿಯೂದು ಹ್ಯಾಂಗ್ರಿ?" ಎಂದ ಬಾಳಾಸಾಬ.

ಧನಪಾಲ ಎಡವಿದ್ದು ಇಲ್ಲೇ. ಅವನು ಹುಟ್ಟಿದಾರಭ್ಯ ಅಂಥ ಕಚೇರಿಯ ಮನುಷ್ಯನನ್ನು ಕಂಡವನಲ್ಲ. "ಪರದೇಶದ ಕಚೇರಿಯಂವ ಅಂದ ಮ್ಯಾಲೆ ಮೋಟಾರದಾಗ ಬರ್ತಾನ. ಕೊರಳಾಗ ಟೈ ಇರ್ತೈತಿ. ಅವನ ಮುಂದ ಖರೇ. ಬ್ಯಾರೇದವರು ಬಂದ್ರ ನಮ್ದು ಹಳೇ ಪದ್ಧತಿ," ಎಂದು ತಾಕೀತು ಮಾಡಿ, ಮುಂಬಯಿಯಿಂದ ಬರುವ ಮೋಟಾರನ್ನು ಎದುರುಗೊಳ್ಳಲು ದೊಡ್ಡದೊಂದು ಹಾರ ಹಿಡಿದುಕೊಂಡು ರಾಜ್ಯದ ಗಡಿಯ ಕೊಗನೊಳ್ಳಿಗೆ ಹೋದ.

ಕೊಗನೊಳ್ಳಿಯ ಹೆದ್ದಾರಿಯಲ್ಲಿ ಲಾರಿಗಳು ಎಬ್ಬಿಸಿದ ಧೂಳು ತಿನ್ನುತ್ತ ನಿಂತು ನಿಂತು, ಹಾರವೂ ಬಾಡಿತು, ಧನಪಾಲನೂ ಬಾಡಿದ. ಮಧ್ಯಾಹ್ನದ ಹೊತ್ತಿಗೆ ಚಹಾದಂಗಡಿಯ ಮುಂದೆ ಬಿಳಿಯ ಮೋಟಾರೊಂದು ಬಂದು ನಿಂತಿತು. ಇಳಿದವನ ಕೊರಳಲ್ಲಿ ಟೈ!

"ಸಾಹೇಬ್ರು ಬಾಡಿಗಿ ಚೌಕಶಿಗೆ ಬಂದವರೇನ್ರಿ? ನಿಪ್ಪಾಣಿಗೆ?"

"ಹೌದು. ಇಲ್ಲಿಯ ಕೆಲಸ ಮುಗೀತು, ಇನ್ನು ಅಲ್ಲಿಯ ಚಾಳುಗಳ ಬಾಡಿಗೆ ವರಮಾನ ನೋಡೋಕೆ ಹೊರಟಿದೀವಿ. ನಿಮಗೆ ಹೇಗೆ..."

ಅವನ ಮಾತು ಮುಗಿಯುವ ಮೊದಲೇ ಹಾರ ಕೊರಳಿಗೆ ಬಿದ್ದಿತ್ತು. ಸಾಹೇಬ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ. ನೌಕರಿಗೆ ಸೇರಿದಾಗಿನಿಂದ ಅವನಿಗೆ ಬಾಗಿಲು ಹಾಕಿದವರಿದ್ದರು, ನಾಯಿ ಬಿಟ್ಟವರಿದ್ದರು, ಹಾರ ಹಾಕಿದವರು ಒಬ್ಬರೂ ಇರಲಿಲ್ಲ.

"ಮೊದಲ ನಮ್ಮ ಚಾಳಿಗೇ ಬರ್ಬೇಕ್ರಿ," ಎಂದು ಧನಪಾಲ ತಾನೇ ಮೋಟಾರಿನ ಬಾಗಿಲು ತೆರೆದು ಒಳಗೆ ಕೂತ.

ಚಾಳಿನ ಅಂಗಳದಲ್ಲಿ ಟೈ ಕಂಡದ್ದೇ ತಡ, ಬಾಡಿಗೆದಾರರ ಬಾಯಿಂದ ಸತ್ಯ ಧಾರಾಕಾರವಾಗಿ ಸುರಿಯಿತು. ಅಭ್ಯಾಸವಿಲ್ಲದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತಾಗಲಿಲ್ಲ. ಅಣ್ಣಾ ಇಮಾನ ಹತ್ತಲಿ ಎಂದು ಗಂಗಾರಾಮ ತನ್ನ ಬಾಡಿಗೆಯನ್ನು ದುಪ್ಪಟ್ಟು ಮಾಡಿದ. "ಸೈಕಲ್ ನಿಲ್ಲಸೂ ಕಟ್ಟಿಗಿ ಬ್ಯಾರೇ ಕೊಡ್ತೀನ್ರಿ," ಎಂದ ಬಾಳಾಸಾಬ. ಕಸ್ತೂರೆವ್ವ ಹಿಂದೆ ಬೀಳುವವಳೇ? "ನನ್ನ ಒಲಿ ಹೊಗಿ ಹೊರಗ ಹೋಗೂ ಕಿಂಡಿಗೂ ಬಾಡಿಗಿ ಐತ್ರಿ, ಸಾಹೇಬ್ರ!"

ಸಾಹೇಬ ಬರೆದೇ ಬರೆದ. "ಇಷ್ಟೆಲ್ಲ ಬರುತ್ತಾ?"

"ಇನ್ನೂ ಬರ್ತೈತ್ರಿ!" ಧನಪಾಲ ಉಬ್ಬಿಹೋಗಿದ್ದ. "ನಮ್ಮಪ್ಪನ ಕಾಲದಿಂದ ಬರ್ತೈತಿ. ನಾ ಬರೇ ಕೂತು ತಿಂತೀನ್ರಿ." ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಮಾಡಿದ. ಮಾಡಿ, ಕೈ ಜೋಡಿಸಿ ಕೇಳಿದ: "ಹಂಗಾರ ನಾವು ಯಾವಾಗ ಹೊಂಡೂದ್ರಿ?"

"ಎಲ್ಲಿಗೆ?"

"ಸ್ಪೇನಿಗಿ!"

ಸಾಹೇಬ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ನಾವು ಆದಾಯ ತೆರಿಗೆಯವರು ಕಣ್ರೀ. ನೀವು ಬೆಳಗಾವಿಗೆ ಬಂದರೆ ಸಾಕು, ಸೋಮವಾರ. ಹಿಂದಿನ ಬಾಕಿ, ದಂಡ, ಎಲ್ಲ ಅಲ್ಲೇ ಮಾತಾಡೋಣ." ಮೋಟಾರು ಹತ್ತುವಾಗ ಕೊರಳ ಹಾರವನ್ನು ಮುಟ್ಟಿ ನೋಡಿಕೊಂಡು, "ಇದನ್ನ ತಗೊಂಡು ಹೋಗ್ತೀನಿ. ಮನೇಲಿ ಹೇಳಿದರೆ ನಂಬೋದಿಲ್ಲ," ಎಂದ.

ಧನಪಾಲ ಹೋಗಿ ಖಾನಾವಳಿಯ ಬೆಂಚಿನ ಮೇಲೆ ಕೂತ. ಕೂತಲ್ಲೇ ಒಂದು ಆಸೆ ಚಿಗುರಿತು: ಅಂದರೆ ಸ್ಪೇನಿನವನು ಇನ್ನೂ ಬರುವುದಿದೆ!

ಅಷ್ಟರಲ್ಲಿ ಸವೆದ ಚಪ್ಪಲಿಯ ಬಡಕಲು ಮನುಷ್ಯನೊಬ್ಬ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಒಳಗೆ ಬಂದ. "ಅವ್ವಾ, ಕೊಲ್ಲಾಪುರದ ಬಸ್ಸು ತಪ್ಪಿತು. ಊಟಾ ಸಿಕ್ಕೀತೇನು?" ಎಂದವನು ಧನಪಾಲನನ್ನು ಕಂಡು ನಿಂತ. "ನೀವಽ ಏನ್ರಿ ಧನಪಾಲ ಅಣ್ಣಾರು? ನಾ ಮೂಲ ಅಥಣಿಯಂವ್ರಿ, ಮುಂಬಯಿಯೊಳಗ ಸ್ಪೇನದವರ ಕಚೇರಿಯಾಗ ಅದೀನಿ. ಮುಂಜಾನೆ ಬಂದು, ಎಲ್ಲಿಯಂವ ಅಂತ ಹೇಳದಽ ಈ ಮಂದಿನ್ನೆಲ್ಲಾ ಕೇಳಿದೆ. ಒಂದು ಪೈ ಬಾಡಿಗಿ ಮುಟ್ಟದಽ, ಹಗಲು ರಾತ್ರಿ ದುಡದು ಇವರನ್ನೆಲ್ಲಾ ಸಾಕೀರೆಂತ. ಕೇಳಿ ಕಣ್ಣಾಗ ನೀರು ಬಂದ್ವು ನೋಡ್ರಿ."

ಧನಪಾಲ ತಿರುಗಿ ನೋಡಿದ. ಮೂವರೂ ತಲೆ ಕೆಳಗೆ ಹಾಕಿದ್ದರು.

"ಟೈ ಇದ್ದಿದ್ದಿಲ್ರಿ," ಎಂದು ಬಾಳಾಸಾಬ ಗೊಣಗಿದ.

"ಸುಳ್ಳರಿ! ಇವರೆಲ್ಲಾ ಬಾಡಿಗಿ ಕೊಡ್ತಾರ. ನಾ ಜನ್ಮದಾಗ ದುಡದಿಲ್ಲ!" ಧನಪಾಲ ಕೂಗಿಕೊಂಡ.

"ದೊಡ್ಡ ಮನಸಿನವರು ಹಿಂಗಽ ಅಂತಾರ್ರಿ."

"ಬೇಕಾದ್ರ ನನ್ನ ಹೆಂಡ್ತಿನ್ನ ಕೇಳ್ರಿ!"

ಮನುಷ್ಯ ಯೋಚಿಸಿದ. "ಆತ್ರಿ. ವರದಿ ಇನ್ನೂ ಬರದಿಲ್ಲ. ನಿಮ್ಮ ಮನಿಯವರು ಏನಂತಾರೋ ಅದನ್ನಽ ಬರೀತೀನಿ."

ಗದ್ದಲ ಕೇಳಿ ಓಣಿಯ ಮಂದಿಯೆಲ್ಲ ನೆರೆದಿತ್ತು. ಸುಗಂಧಾ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ನಿಂತಳು. ಮನೆಯೊಳಗೆ ಶೇಂಗಾ ಚಟ್ನಿಯ ಡಬ್ಬಿಯ ಸಮೇತ ಗಂಟು ಕಟ್ಟಿ ಸಿದ್ಧವಾಗಿತ್ತು. ಧನಪಾಲನಿಗೆ ಜೀವ ಬಂದಂತಾಯಿತು. ದಿನವೂ ಬೇಡವೆಂದರೂ ಅನ್ನುವ ಮಾತು, ಇಂದು ಒಂದೇ ಒಂದು ಸಲ ಅಂದರೆ ಸಾಕು.

"ಬಾಯಾರ, ನಿಮ್ಮ ಯಜಮಾನ್ರು ದುಡೀತಾರೋ, ಸುಮ್ಮ ಕೂತು ತಿಂತಾರೋ?"

ಸುಗಂಧಾ ಗುರುತಿಲ್ಲದ ಆ ಗಂಡಸನ್ನು ನೋಡಿದಳು. ನೆರೆದ ಓಣಿಯನ್ನು ನೋಡಿದಳು. ಕೊನೆಗೆ, ಕಣ್ಣಿನಲ್ಲೇ ಗೋಗರೆಯುತ್ತಿದ್ದ ಗಂಡನನ್ನು ನೋಡಿದಳು.

"ಏನ್ ಕೇಳ್ತೀರ್ರಿ ಅಣ್ಣಾರ! ಕೂತು ತಿನ್ನೂದು ಇವರ ವಂಶದಾಗಽ ಇಲ್ಲ. ನಸಿಕಿನಾಗ ಎದ್ದು ಹ್ವಾದ್ರ ಮನಿ ಖಬರ ಇರೂದಿಲ್ಲ. ನಾವು ಜೈನ ಮಂದಿ, ಹೊತ್ತು ಮುಳುಗಿದ ಮ್ಯಾಲೆ ಉಣ್ಣಾಂಗಿಲ್ಲ. ಕೆಲಸದ ಧ್ಯಾಸದಾಗ ತಡಾ ಮಾಡಿ ಬಂದು ಎಷ್ಟ ದಿವಸ ಉಪಾಸ ಮಲಗ್ಯಾರ ಗೊತ್ತೇನ್ರಿ?"

ಮನುಷ್ಯ ಅದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಂಡು, ಊಟ ಮಾಡಿ, ಧನಪಾಲನ ಕಾಲು ಮುಟ್ಟಿ ಹೋದ.

ಮನೆಯೊಳಗೆ ಬಂದ ಮೇಲೂ ಧನಪಾಲನಿಗೆ ಆಘಾತ ಇಳಿದಿರಲಿಲ್ಲ. "ಯಾಕ ಹಂಗಂದಿ? ದಿನಾ ಅಂತಿದ್ದೆಲ್ಲ!"

"ದಿನಾ ಅಂತೀನಿ, ಒಳಗ ಅಂತೀನಿ. ನಾಕ ಮಂದಿ ನಿಂತಾಗ ನನ್ನ ಗಂಡ ಬಿಟ್ಟಿ ಕೂಳು ತಿಂತಾನ ಅಂತ ಹ್ಯಾಂಗ ಅನ್ನಲಿ? ನನಗೇನು ತಮ್ಮನ್ನ ನೋಡೂದು ಬ್ಯಾಡಾಗಿತ್ತೇನು?" ಎಂದವಳು ಗಂಟು ಬಿಚ್ಚುತ್ತ ಕೂತಳು. ಧನಪಾಲನಿಗೆ ದುಃಖವಾಯಿತು. ಹೆಂಡತಿಯ ಬಾಯಿಂದ ಹೊಗಳಿಕೆ ಕೇಳಿದ್ದು ಇದೇ ಮೊದಲೆಂದು, ಆ ದುಃಖದಲ್ಲೂ ಒಳಗೊಳಗೇ ಹಿಗ್ಗಾಯಿತು.

ಆ ಹಿಗ್ಗಿನಲ್ಲೇ ಮಲಗಿದವನನ್ನು ಮರುದಿನ ನಸುಕಿನಲ್ಲಿ ಯಾರೋ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಸುಗಂಧಾ. ಕೈಯಲ್ಲಿ ರೊಟ್ಟಿಯ ಗಂಟು, ಅದರೊಳಗೆ ತಮ್ಮನಿಗೆಂದು ಕುಟ್ಟಿದ ಶೇಂಗಾ ಚಟ್ನಿ.

"ಏಳ್ರಿ. ತಂಬಾಕದ ವಖಾರದಾಗ ಗುಮಾಸ್ತರು ಬೇಕಂತ, ಗಂಗಾರಾಮಗ ಹೇಳಿ ಗೊತ್ತು ಮಾಡೀನಿ. ಬೆಳಗಾವಿಯವರಿಗೆ ಕಟ್ಟಾಕೂ ರೊಕ್ಕಾ ಬೇಕು. ಮ್ಯಾಲೆ ನಾ ನಾಕ ಮಂದಿ ಮುಂದ ಮಾತಾಡೀನಿ, ನನ್ನ ಮಾತು ಸುಳ್ಳಾಗಬಾರ್ದು."