ರೂಲ್ಸ್ ಮೇಷ್ಟ್ರ ಮರುಪರೀಕ್ಷೆ

ರಾತ್ರಿ ಹನ್ನೊಂದೂವರೆಗೆ ಬಚ್ಚಲುಮನೆಯಿಂದ ‘ಫುಸ್’ ಎಂದು ಸಣ್ಣ ಸದ್ದಾಯಿತು. ಹೆಂಡತಿ ಕಣ್ಣು ಬಿಟ್ಟಳು. ಸ್ವಲ್ಪ ತಡೆದು ಮತ್ತೆ ‘ಫುಸ್’. ಹಾವೇ ಇರಬೇಕೆಂದು ಗಂಡನನ್ನು ಎಬ್ಬಿಸಲು ಕೈ ಚಾಚಿದರೆ ಪಕ್ಕದಲ್ಲಿ ದಿಂಬು ಮಾತ್ರ ಇತ್ತು. ಪೊರಕೆ ಹಿಡಿದು ಬಾಗಿಲು ತಳ್ಳಿದಳು. ಪತಿದೇವರು ನೆಲದ ಮೇಲೆ ಮೊಣಕಾಲೂರಿ, ಕಣ್ಣು ಮೂಗು ಎರಡನ್ನೂ ಮುಚ್ಚುವ ಡೈವಿಂಗ್ ಮಾಸ್ಕ್ ಹಾಕಿಕೊಂಡು, ಬಕೆಟ್ಟಿನೊಳಗೆ ತಲೆ ಮುಳುಗಿಸಿ, ಮಾಸ್ಕಿನೊಳಗಿನ ನೀರನ್ನು ಮೂಗಿನಿಂದ ಊದಿ ಹೊರಹಾಕುತ್ತಿದ್ದರು.

“ಏನ್ರೀ ಇದು ಅವತಾರ?”

ತಲೆ ಮೇಲೆ ಬಂತು. “ನಾಳೆ ಪರೀಕ್ಷೆ ಕಣೇ.”

“ಹದಿನಾರು ವರ್ಷದಿಂದ ಊರಿಗೆಲ್ಲ ಡೈವಿಂಗ್ ಕಲಿಸ್ತಿದೀರಿ. ನಿಮಗೆಂಥ ಪರೀಕ್ಷೆ?”

ಅದೇ ಪ್ರಶ್ನೆಯನ್ನು ಮೇಷ್ಟ್ರು ಮೂರು ದಿನದಿಂದ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. ಡೈವಿಂಗ್ ಶಾಲೆಯ ಯಜಮಾನಿ ಕಲಿತವರಿಗೆ ಪಾಸಾದ ಕಾರ್ಡ್ ಕೊಡುವ ಹಳೆಯ ತರಬೇತಿ ಸಂಸ್ಥೆಯನ್ನು ಬಿಟ್ಟು ಹೊಸದೊಂದಕ್ಕೆ ಸೇರಿಕೊಂಡಿದ್ದಳು. ಕೊಳ ಅದೇ, ನೀರು ಅದೇ, ಗಾಳಿಯ ಸಿಲಿಂಡರುಗಳು ಅವೇ. ಗಂಡ ಹಳಬನೇ, ಅತ್ತೆ ಮಾತ್ರ ಹೊಸಬಳು ಅನ್ನುವ ಹಾಗೆ, ಗೋಡೆಯ ಬೋರ್ಡು, ಪುಸ್ತಕ, ನಿಯಮಗಳು ಬದಲಾಗಿದ್ದವು. ಹಳೆ ಸಂಸ್ಥೆಯ ಮೇಷ್ಟ್ರುಗಳು ಹೊಸ ಸಂಸ್ಥೆಯ ಪರೀಕ್ಷಕರ ಮುಂದೆ ಒಂದೊಂದು ವಿದ್ಯೆಯನ್ನೂ ಮಾಡಿ ತೋರಿಸಬೇಕು. ಪಾಸಾದರೆ ಶನಿವಾರದ ಹೊಸ ತರಗತಿ. ಫೇಲಾದರೆ, ಪಾಸಾಗುವವರೆಗೆ ಸಿಲಿಂಡರ್ ಹೊರುವ ಕೆಲಸ. ಯಜಮಾನಿ ಅದನ್ನು ನಗುತ್ತಲೇ ಹೇಳಿದ್ದಳು. ಮೇಷ್ಟ್ರಿಗೆ ನಗು ಬಂದಿರಲಿಲ್ಲ.

ಅವರಿಗೆ ಎಲ್ಲರೂ ಇಟ್ಟ ಹೆಸರು ರೂಲ್ಸ್ ಮೇಷ್ಟ್ರು. ಒಂದು ತರಗತಿಗೆ ಎಂಟು ಜನ ಎಂದು ಸಂಸ್ಥೆಯ ನಿಯಮವಿದ್ದರೆ ಒಂಬತ್ತನೆಯವನು ಸ್ವಂತ ಭಾವಮೈದುನನಾದರೂ ನೀರಿಗಿಳಿಯುವಂತಿಲ್ಲ. ಇಳಿಯಲು ಬಂದ ಭಾವಮೈದುನ ಇವತ್ತಿಗೂ ಅವರೊಂದಿಗೆ ಮಾತು ಬಿಟ್ಟಿದ್ದ.

“ಬಕೆಟ್ಟಿನಲ್ಲಿ ಚೆನ್ನಾಗೇ ಮಾಡ್ತಿದೀರಲ್ಲ,” ಎಂದಳು ಹೆಂಡತಿ.

“ಕಷ್ಟ ಅಲ್ಲೇ ಇರೋದು. ಹಳೆ ಸಂಸ್ಥೆಯಲ್ಲಿ ಕೊಳದ ತಳದಲ್ಲಿ ಮೊಣಕಾಲೂರಿ ಮಾಡಬೇಕಿತ್ತು. ಇವರಿಗೆ ತೇಲುತ್ತಾ ಮಾಡಬೇಕಂತೆ. ನೀರು ಕಂಡರೆ ಸಾಕು, ನನ್ನ ಮಂಡಿ ತಾನಾಗೇ ಮಡಚ್ಕೊಳ್ಳುತ್ತೆ.”

“ಮದುವೆಯಾಗಿ ಹತ್ತು ವರ್ಷ ಆಯ್ತು, ನನ್ನ ಮುಂದೆ ಒಂದು ದಿನಾನೂ ಮಡಚ್ಕೊಂಡಿಲ್ಲ,” ಎಂದು ಅವಳು ಪೊರಕೆಯನ್ನು ಮೂಲೆಗಿಟ್ಟು ಹೋಗಿ ಮಲಗಿದಳು.

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಅಡ್ಡ ನಿಂತರು. ಹೆಂಡತಿಯಿಂದ ಸುದ್ದಿ ಆಗಲೇ ಇಳಿದಿತ್ತು.

“ನೋಡಪ್ಪಾ, ನಲವತ್ತು ವರ್ಷ ಪರೀಕ್ಷೆ ನಡೆಸಿದೋನು ಹೇಳ್ತೀನಿ. ಪರೀಕ್ಷಕರಿಗೆ ಬಾಯಿ ತೆಗೆಯೋಕೆ ಬಿಡಬೇಡ. ನೀನೇ ಮಾತಾಡ್ತಾ ಹೋಗು.”

“ನೀರೊಳಗೆ ಮಾತಾಡೋಕಾಗಲ್ಲ ಸಾರ್.”

“ಮಾತಿಲ್ಲದೆ ಅದೆಂಥ ಮೌಖಿಕ ಪರೀಕ್ಷೆ?” ಎಂದು ಅವರು ಬೇಸರಪಟ್ಟುಕೊಂಡು, ಅದರ ಬಗ್ಗೆಯೂ ಹತ್ತು ನಿಮಿಷ ತಾವೇ ಮಾತಾಡಿದರು.

ಹಾಗಾಗಿ ಮೇಷ್ಟ್ರು ಶಾಲೆ ಮುಟ್ಟಿದಾಗ ಪರೀಕ್ಷಕಿ ಬಂದಾಗಿತ್ತು. ತೆಳ್ಳಗಿನ ಹೆಂಗಸು, ದಪ್ಪ ಫೈಲು, ಎಣಿಸಿ ಖರ್ಚು ಮಾಡುವಂಥ ಮಾತು. ಅವರ ಹೆಸರು ಕೇಳಿ, ಮುಖವನ್ನೊಮ್ಮೆ ನೋಡಿ, ಫೈಲಿನಲ್ಲಿ ಏನನ್ನೋ ಹುಡುಕಿ, ಮತ್ತೆ ಮುಖ ನೋಡಿದಳು.

ಯಜಮಾನಿ ಅವರನ್ನು ಪಕ್ಕಕ್ಕೆಳೆದಳು. “ಮುಖ ಯಾಕ್ರೀ ಹರಳೆಣ್ಣೆ ಕುಡಿದ ಹಾಗಿಟ್ಕೊಂಡಿದೀರಿ? ಮೇಡಂ ಮುಂದೆ ನಗ್ತಾ ಮಾಡಿ. ಪೂರ್ತಿ ನಗ್ತಾ ಇರಬೇಕು.”

“ನಕ್ಕರೆ ಕೆನ್ನೆ ಮಡಚಿ ಮಾಸ್ಕಿನೊಳಗೆ ನೀರು ಬರುತ್ತೆ ಮೇಡಂ.”

“ಬರಲಿ ಬಿಡ್ರಿ. ನೀರಿಗೆ ಹೆದರೋ ಕೆಲಸವಾ ನಿಮ್ಮದು?”

ಅಷ್ಟರಲ್ಲಿ ಸಿಲಿಂಡರಿಗೆ ಗಾಳಿ ತುಂಬುವವನು ಓಡಿಬಂದ. “ಮೇಷ್ಟ್ರೇ, ನಿಮ್ಮ ಮಾಸ್ಕ್ ರೆಡಿ. ಗಾಜು ಮಂಜಾಗಬಾರದು ಅಂತ ಶ್ಯಾಂಪೂ ಹಚ್ಚಿದೀನಿ.”

“ಎಷ್ಟು ಹಚ್ಚಿದೆ ಮಾರಾಯ?”

“ನಿಮಗೋಸ್ಕರ ಅಂತ ಸ್ವಲ್ಪ ಧಾರಾಳವಾಗೇ.”

ತೊಳೆಯಲು ಹೊತ್ತಿರಲಿಲ್ಲ. ಪರೀಕ್ಷಕಿ ಆಗಲೇ ಕೊಳದ ಏಣಿ ಇಳಿಯುತ್ತಿದ್ದಳು.

ನೀರೊಳಗೆ ಮೇಷ್ಟ್ರು ಪರೀಕ್ಷಕಿಯ ಎದುರು ಬಂದು, ಯಜಮಾನಿಯ ಮಾತಿನಂತೆ ನಕ್ಕರು. ನೀರು ನುಗ್ಗಿತು. ನೀರಿಗೆ ಶ್ಯಾಂಪೂ ಸೇರಿ ಮಾಸ್ಕಿನ ತುಂಬ ನೊರೆ ಎದ್ದಿತು. ಕಣ್ಣು ಉರಿ ಉರಿ. ಹೊರಗಿನಿಂದ ನೋಡುವವರಿಗೆ ಬಟ್ಟೆ ಒಗೆಯುವ ಯಂತ್ರದ ಗಾಜಿನ ಬಾಗಿಲಿನಲ್ಲಿ ಒಬ್ಬ ಮನುಷ್ಯ ನಗುತ್ತಿರುವ ಹಾಗೆ ಕಂಡಿರಬೇಕು. ನಾಲ್ಕು ಸಲ ಮೂಗಿನಿಂದ ಊದಿ ನೊರೆ ಹೊರಗೆ ಹಾಕಿದರು. ಎರಡು ಸಲ ಮಂಡಿ ತಾನಾಗಿ ನೆಲಕ್ಕೆ ಇಳಿಯಿತು. ಎರಡು ಸಲವೂ ತಳವನ್ನು ಪರೀಕ್ಷಿಸುತ್ತಿರುವವರಂತೆ ಅಲ್ಲಿದ್ದ ಟೈಲನ್ನು ಮುಟ್ಟಿ ನೋಡಿ ಮೇಲೆದ್ದರು.

ಆದರೂ ಹದಿನಾರು ವರ್ಷದ ಅಭ್ಯಾಸ ಕೈಬಿಡಲಿಲ್ಲ. ಗಾಳಿಯ ಕೊಳವೆ ಬಾಯಿಂದ ತೆಗೆದು ಮತ್ತೆ ಕಚ್ಚಿದ್ದು ಸರಿ. ಗಾಳಿ ಮುಗಿದ ಜೊತೆಗಾರಳಂತೆ ನಟಿಸಿದ ಪರೀಕ್ಷಕಿಗೆ ತಮ್ಮ ಗಾಳಿ ಕೊಟ್ಟದ್ದು ಸರಿ. ಪರೀಕ್ಷಕಿ ಮಣಿಕಟ್ಟಿಗೆ ಕಟ್ಟಿಕೊಂಡ, ನೀರಿನಲ್ಲೂ ಬರೆಯಬಹುದಾದ ಹಲಗೆಯ ಮೇಲೆ ಒಂದೊಂದಾಗಿ ಗುರುತು ಹಾಕಿದಳು. ಉಳಿದದ್ದು ಕೊನೆಯದು: ಮಾಸ್ಕ್ ಪೂರ್ತಿ ತೆಗೆದು, ಒಂದು ನಿಮಿಷ ಬರಿಮುಖದಲ್ಲಿದ್ದು, ಮತ್ತೆ ಹಾಕಿಕೊಂಡು ನೀರು ಊದಿ ಹೊರಹಾಕುವುದು.

ಮೇಷ್ಟ್ರು ತೆಗೆದರು. ತೇಲುತ್ತಲೇ ಇದ್ದರು. ಮಂಡಿ ಅಲುಗಲಿಲ್ಲ. ಅರವತ್ತು ಎಣಿಸಿ ಹಾಕಿಕೊಂಡು, ಒಂದೇ ಉಸಿರಿಗೆ ಊದಿದರು. ಪುಸ್ತಕದಲ್ಲಿ ಚಿತ್ರ ಬರೆದಿಟ್ಟಂತೆ! ಹೆಮ್ಮೆಯಿಂದ ಪರೀಕ್ಷಕಿಯ ಕಡೆ ತಿರುಗಿದರು.

ಅವಳು ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಒಂದು ಕೈ ಏಣಿಯನ್ನು ಹಿಡಿದಿತ್ತು. ಇನ್ನೊಂದು ತನ್ನ ಮಾಸ್ಕನ್ನು ಮುಖಕ್ಕೆ ಒತ್ತಿಕೊಂಡಿತ್ತು.

ಏನೋ ಆಗಿದೆಯೆಂದು ಹೆದರಿ ಮೇಷ್ಟ್ರು ಅವಳ ತೋಳು ಹಿಡಿದು ಮೆಲ್ಲಗೆ ಮೇಲೆ ತಂದರು.

“ಏನಾಯ್ತು ಮೇಡಂ?”

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. “ಯಾರಾದ್ರೂ ಮಾಸ್ಕ್ ತೆಗೆದ್ರೆ ನನಗೆ ನೋಡೋಕಾಗಲ್ಲ ಸಾರ್. ನನಗೇ ಮೂಗಿಗೆ ನೀರು ಹೋದಂಗಾಗುತ್ತೆ.”

“ಹಂಗಾದ್ರೆ ನೀವು ಹೆಂಗೆ ತೆಗೀತೀರಿ?”

“ನಾನು ಇವತ್ತಿನವರೆಗೂ ತೆಗೆದೇ ಇಲ್ಲ.”

ಮೇಷ್ಟ್ರಿಗೆ ಕೊಳದ ನೀರೆಲ್ಲ ಕುದಿದಂತಾಯಿತು. “ಮತ್ತೆ ಪರೀಕ್ಷಕಿ ಹೆಂಗಾದ್ರಿ?”

“ಎರಡನೇ ಸಂಸ್ಥೆಯವರು ಮೊದಲನೆಯವರ ಕಾರ್ಡ್ ನೋಡಿದ್ರು. ಮೂರನೆಯವರು ಎರಡನೆಯವರದ್ದು ನೋಡಿದ್ರು. ಆಮೇಲೆ ಆಫೀಸಿನ ಕೆಲಸ, ಬಡ್ತಿ. ಕಾರ್ಡ್ ಎಲ್ಲರೂ ನೋಡಿದ್ರು ಸಾರ್, ನನ್ನನ್ನ ಯಾರೂ ನೋಡಲಿಲ್ಲ.”

ರೂಲ್ಸ್ ಮೇಷ್ಟ್ರಿಗೆ ಜನ್ಮದಲ್ಲಿ ಅಂಥ ಸಿಟ್ಟು ಬಂದಿರಲಿಲ್ಲ. ಸಿಟ್ಟಿನಡಿಯಲ್ಲಿ ಸಣ್ಣದೊಂದು ಸಂತೋಷವೂ ಇತ್ತು. ಇನ್ನು ಇವಳು ತಮ್ಮನ್ನು ಫೇಲು ಮಾಡುವುದುಂಟೆ! “ನಿಮ್ಮ ಮೊದಲನೇ ಕಾರ್ಡಿಗೆ ಸಹಿ ಹಾಕಿದ ದರಿದ್ರದವನು ಯಾರು ಹೇಳಿ. ಇವತ್ತೇ ದೂರು ಬರೀತೀನಿ. ಅವನು ಈ ಜನ್ಮದಲ್ಲಿ ಇನ್ನೊಬ್ಬರಿಗೆ ಕಲಿಸಬಾರದು, ಹಂಗೆ ಮಾಡ್ತೀನಿ!”

ಅವಳು ದಡ ಹತ್ತಿ, ಕೈ ಒರೆಸಿಕೊಂಡು, ಫೈಲಿನಿಂದ ಹಳೆಯ ಕಾರ್ಡೊಂದನ್ನು ತೆಗೆದು ಅವರ ಮುಂದೆ ಹಿಡಿದಳು. ಬಾಲ ಸುತ್ತಿಕೊಂಡ ಆ ಸಹಿಯನ್ನು ಮೇಷ್ಟ್ರು ಪ್ರತಿ ತಿಂಗಳೂ ಸಂಬಳದ ಪುಸ್ತಕದಲ್ಲಿ ಹಾಕುತ್ತಿದ್ದರು.

“ಹನ್ನೊಂದು ವರ್ಷ ಆಯ್ತು. ಅವತ್ತು ನಿಮಗೆ ಹಲ್ಲುನೋವು. ಕೆನ್ನೆ ಕಜ್ಜಾಯದ ಹಾಗೆ ಊದಿತ್ತು. ‘ಹೋಗ್ಲಿ ಬಿಡಮ್ಮ, ಇದೊಂದು ಮುಂದಿನೋರು ಕಲಿಸ್ತಾರೆ’ ಅಂತ ಸಹಿ ಹಾಕಿ ದಂತವೈದ್ಯರ ಹತ್ರ ಓಡಿದ್ರಿ.”

ಮೇಷ್ಟ್ರು ನೀರಿನಲ್ಲೇ ನಿಂತು ಕಾರ್ಡನ್ನು ಮೆಲ್ಲಗೆ ಅವಳ ಫೈಲಿನ ಕಡೆ ತಳ್ಳಿದರು. “ದೂರು-ಗೀರು ಎಲ್ಲ ಯಾಕೆ ಬಿಡಿ, ಆಗಿದ್ದು ಆಗಿಹೋಯ್ತು. ಈಗ... ನನ್ನದು ಪಾಸು ತಾನೇ?”

“ಕೊನೆಯದನ್ನ ನಾನು ನೋಡಲಿಲ್ಲವಲ್ಲ.”

“ನಾನು ಮಾಡಿದೆ ತಾಯೀ! ಅರವತ್ತು ಎಣಿಸಿದೆ!”

“ಮಾಡಿರಬಹುದು. ಆದರೆ ನೋಡದ್ದಕ್ಕೆ ನಾನು ಸಹಿ ಹಾಕಲ್ಲ ಸಾರ್. ನಿಮ್ಮಿಂದಲೇ ಆ ಪಾಠ ಕಲಿತೆ.” ಹಲಗೆಯ ಮೇಲೆ ಕೊನೆಯ ಸಾಲಿಗೆ ಅಡ್ಡಗೀಟು ಬಿತ್ತು. “ಮುಂದಿನ ತಿಂಗಳು ಮತ್ತೆ ತಗೊಳ್ಳಬಹುದು.”

“ಆಗ ಯಾರು ಬರ್ತಾರೆ?”

“ಈ ಕಡೆಗೆಲ್ಲ ನಾನೊಬ್ಬಳೇ.”

ಅವಳು ಹೋದ ಮೇಲೆ ಯಜಮಾನಿ ಕೇಳಿದಳು, “ಏನ್ರೀ, ಯಾವುದರಲ್ಲಿ ಹೋಯ್ತು?”

“ಮಾಸ್ಕ್ ತೆಗೆಯೋದರಲ್ಲಿ.”

“ಅಯ್ಯೋ, ಮಕ್ಕಳು ಮಾಡ್ತಾರಲ್ರೀ ಅದನ್ನ!”

“ಶ್ಯಾಂಪೂ ಇನ್ನೊಂಚೂರು ಹಚ್ಚಬೇಕಿತ್ತು,” ಎಂದು ಗಾಳಿ ತುಂಬುವವನು ತಲೆ ಕೆರೆದುಕೊಂಡ.

ಮೇಷ್ಟ್ರು ಎರಡು ಸಿಲಿಂಡರ್ ಹೆಗಲಿಗೇರಿಸಿದರು.

ಸಂಜೆ ಮನೆಯಲ್ಲಿ ಹೆಂಡತಿ ಮುಂದೆ ಬಂದು ಕೂತಳು. “ನಿಜ ಹೇಳ್ರಿ. ನೀವು ಫೇಲಾಗೋರಲ್ಲ. ಅಲ್ಲೇನೋ ನಡೆದಿದೆ.”

ಮೇಷ್ಟ್ರು ಹೇಳಲೆಂದು ಬಾಯಿ ತೆರೆದರು. ಇವಳಿಗೆ ಹೇಳಿದರೆ ರಾತ್ರಿಯೊಳಗೆ ಹೆಡ್‌ಮಾಸ್ತರಿಗೆ, ಬೆಳಿಗ್ಗೆ ಬೀದಿಗೆ, ಹತ್ತು ಗಂಟೆಗೆ ಸಂಸ್ಥೆಗೆ. ಅದಾದರೂ ಹಾಳಾಗಲಿ. ಆಗಲೇ ಅವರಿಗೆ ಇನ್ನೊಂದು ವಿಷಯ ನೆನಪಾಯಿತು. ಹನ್ನೊಂದು ವರ್ಷದ ಹಿಂದಿನ ಆ ಹಲ್ಲುನೋವು ಒಂದು ದಿನಕ್ಕೆ ಮುಗಿದಿರಲಿಲ್ಲ. ಪೂರ್ತಿ ಮೂರು ವಾರ ಕಾಡಿತ್ತು, ಮತ್ತು ಆ ಮೂರು ವಾರವೂ ಪ್ರತಿ ತರಗತಿಯಲ್ಲಿ ಎಂಟೆಂಟು ಜನ ಇದ್ದರು; ಅವರೆಲ್ಲರ ಕಾರ್ಡಿಗೂ ಅದೇ ಬಾಲದ ಸಹಿ ಬಿದ್ದಿತ್ತು.

ಅವರು ಬಾಯಿ ಮುಚ್ಚಿದರು.

“ಏನ್ರೀ?”

“ಏನಿಲ್ಲ ಕಣೇ,” ಎಂದರು ಮೇಷ್ಟ್ರು, “ಭಯ ಆಯ್ತು, ಅಷ್ಟೇ.” ಯಾರಿಗೂ, ಎಂದಿಗೂ ಇದಕ್ಕಿಂತ ಒಂದಕ್ಷರ ಹೆಚ್ಚು ಹೇಳಬಾರದೆಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟರು.